ನಲ್ಲಿ, ಒಲೆ, ಫ್ಯಾನು: ಗೃಹಸ್ಥರ ಹಳೆಯದೊಂದು ವ್ರತ

2023ರಲ್ಲಿ ಗೃಹಜ್ಯೋತಿ ಜಾರಿಗೆ ಬಂದ ಮೇಲೆ ಕರ್ನಾಟಕದ ಬಹುಪಾಲು ಮನೆಗಳ ಕರೆಂಟ್ ಬಿಲ್ಲಿನಲ್ಲಿ ಕಟ್ಟಬೇಕಾದ ಮೊತ್ತ ಸೊನ್ನೆಯಾಯಿತು. ಬಡ ಮನೆಗಳಿಗೆ ಇದರಿಂದ ಆದ ಅನುಕೂಲ ದೊಡ್ಡದು, ಅದರ ಬಗ್ಗೆ ಇಲ್ಲಿ ತಕರಾರಿಲ್ಲ. ಆದರೆ ನೀತಿಯ ಪ್ರಶ್ನೆಗಳಲ್ಲಿ ಆಸಕ್ತಿಯಿರುವವರನ್ನು ಆ ಯೋಜನೆ ಒಂದು ಇಕ್ಕಟ್ಟಿಗೂ ಸಿಕ್ಕಿಸಿತು. ಅಲ್ಲಿಯವರೆಗೆ "ಲೈಟ್ ಆರಿಸು, ಬಿಲ್ ಜಾಸ್ತಿ ಬರುತ್ತೆ" ಎಂದು ಮಕ್ಕಳನ್ನು ಗದರುತ್ತಿದ್ದ ಮನೆಗಳಲ್ಲಿ ಈಗ ಆ ಮಾತಿನ ಉತ್ತರಾರ್ಧಕ್ಕೆ ಬಲವಿಲ್ಲ. ಬಿಲ್ ಬರುವುದಿಲ್ಲ ಎಂದಾದ ಮೇಲೂ ಖಾಲಿ ಕೋಣೆಯಲ್ಲಿ ಫ್ಯಾನು ತಿರುಗುತ್ತಿದ್ದರೆ ಅದು ತಪ್ಪೇ? ತಪ್ಪಾದರೆ ಯಾರಿಗೆ ಮಾಡಿದ ತಪ್ಪು? ಬೇಸಿಗೆ ಬಂತೆಂದರೆ ಪತ್ರಿಕೆಗಳಲ್ಲಿ ನೀರು, ವಿದ್ಯುತ್ ಉಳಿಸುವ ಸಲಹೆಗಳು ಸಾಲುಗಟ್ಟುತ್ತವೆ. ಹಲ್ಲುಜ್ಜುವಾಗ ನಲ್ಲಿ ನಿಲ್ಲಿಸಬೇಕೆಂಬುದು ಗೊತ್ತಿಲ್ಲದವರು ಯಾರೂ ಇಲ್ಲ. ಹಾಗಿದ್ದರೂ ನಲ್ಲಿ ಸುರಿಯುತ್ತಿರುತ್ತದೆ. ಇಲ್ಲಿ ಕೊರತೆ ಇರುವುದು ತಿಳಿವಳಿಕೆಗಲ್ಲ, ಕಾರಣಕ್ಕೆ. ದುಡ್ಡಿನ ಕಾರಣ ಬಿದ್ದುಹೋದರೆ ಬೇರೆ ಯಾವ ಕಾರಣ ನಿಲ್ಲುತ್ತದೆ ಎಂಬುದೇ ಕೇಳಬೇಕಾದ ಪ್ರಶ್ನೆ.

ಈ ಪ್ರಶ್ನೆಯನ್ನು ನಲ್ಲಿಯಾಗಲಿ ವಿದ್ಯುತ್ತಾಗಲಿ ಇಲ್ಲದ ಕಾಲದಲ್ಲೇ ಎತ್ತಿಕೊಂಡ ಗ್ರಂಥವೊಂದಿದೆ. ಸಮಂತಭದ್ರಾಚಾರ್ಯರದೆಂದು ಪರಂಪರೆ ಹೇಳುವ 'ರತ್ನಕರಂಡಕ ಶ್ರಾವಕಾಚಾರ' ಜೈನ ಗೃಹಸ್ಥರ ನಡವಳಿಕೆಗಾಗಿ ಬರೆದದ್ದು. ಮುನಿಗಳಿಗೆ ಹೇಳುವ ಮಹಾವ್ರತಗಳ ಕಠೋರತೆ ಇಲ್ಲಿಲ್ಲ. ಸಂಸಾರ ಮಾಡುವವರು ಒಲೆ ಹಚ್ಚಲೇಬೇಕು, ನೆಲ ಅಗೆಯಲೇಬೇಕು, ನೀರು ಚೆಲ್ಲಲೇಬೇಕು ಎಂಬುದನ್ನು ಒಪ್ಪಿಕೊಂಡೇ ಅದು ಮುಂದುವರಿಯುತ್ತದೆ. ಅಲ್ಲಿ ಬರುವ ಗುಣವ್ರತಗಳಲ್ಲಿ ಒಂದು ಅನರ್ಥದಂಡವ್ರತ. ಈ ವ್ರತ ತಡೆಯಹೊರಟಿರುವುದು ಐದು ಬಗೆಯ ನಿರರ್ಥಕ ಹಿಂಸೆಯನ್ನು. ಅವುಗಳಲ್ಲಿ ಪ್ರಮಾದಚರ್ಯೆ ಎಂಬುದು ಯಾವ ಉಪಯೋಗವೂ ಇಲ್ಲದೆ ಭೂಮಿಯನ್ನು, ನೀರನ್ನು, ಬೆಂಕಿಯನ್ನು, ಗಾಳಿಯನ್ನು ಕೆದಕುವುದು, ಸುಮ್ಮನೆ ಗಿಡ ಕಡಿಯುವುದು, ಕೆಲಸವಿಲ್ಲದೆ ತಿರುಗಾಡುವುದು, ಇತರರನ್ನೂ ಹಾಗೆ ತಿರುಗಿಸುವುದು. ಆ ಪಟ್ಟಿಯನ್ನು ಇಂದಿನ ಮನೆಯೊಂದರಲ್ಲಿ ನಿಂತು ಓದಿದರೆ ನೀರು, ಬೆಂಕಿ, ಗಾಳಿಗಳ ಜಾಗದಲ್ಲಿ ನಲ್ಲಿ, ಒಲೆ, ಫ್ಯಾನು ಕಾಣುತ್ತವೆ. ಕೊನೆಯದರ ಜಾಗದಲ್ಲಿ ಬೀದಿಯ ಕೊನೆಯ ಅಂಗಡಿಗೆ ಹೊರಟ ಸ್ಕೂಟರೂ ಕಾಣಬಹುದು. ಬಳಸುವುದನ್ನು ಈ ವ್ರತ ದೋಷವೆನ್ನುವುದಿಲ್ಲ. ಪ್ರಯೋಜನ ಮುಗಿದ ಮೇಲೂ ಬಳಕೆ ನಡೆಯುತ್ತಲೇ ಇದ್ದರೆ ಅದು ದೋಷ. ಅನ್ನ ಬೇಯಿಸುವ ಬೆಂಕಿಯ ಬಗ್ಗೆ ಅದಕ್ಕೆ ಆಕ್ಷೇಪವಿಲ್ಲ, ಅನ್ನ ಇಳಿಸಿದ ಮೇಲೂ ಉರಿಯುವ ಬೆಂಕಿಯ ಬಗ್ಗೆ ಇದೆ.

ಇಲ್ಲೊಂದು ತೊಡಕಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಜೈನ ದರ್ಶನಕ್ಕೆ ನೀರು, ಬೆಂಕಿ, ಗಾಳಿಗಳೇ ಏಕೇಂದ್ರಿಯ ಜೀವಗಳ ದೇಹ. ಸುಮ್ಮನೆ ನೀರು ಚೆಲ್ಲಿದರೆ ಅಲ್ಲಿ ನೋಯುವ ಜೀವವಿದೆ ಎಂಬ ನಂಬಿಕೆಯ ಮೇಲೆ ಆ ವ್ರತ ನಿಂತಿದೆ. ಇಂದಿನ ಬಹುಪಾಲು ಓದುಗರಿಗೆ ಆ ನಂಬಿಕೆ ಇಲ್ಲ. ಆ ನಂಬಿಕೆಯನ್ನು ತೆಗೆದರೆ ವ್ರತವೂ ಕುಸಿಯುತ್ತದೆಯೇ? ಇಲ್ಲವೆಂಬುದು ನನ್ನ ವಾದ. ಸುಮ್ಮನೆ ಹರಿಯುವ ನೀರಿಗೂ ಸುಮ್ಮನೆ ತಿರುಗುವ ಫ್ಯಾನಿಗೂ ನಮ್ಮ ಕಾಲದಲ್ಲಿ ನೋಯುವವರು ನಿಜವಾಗಿಯೇ ಇದ್ದಾರೆ, ಅವರ ಊರುಗಳ ಹೆಸರು ಹೇಳಬಹುದು. ಆದರೆ ಅವರು ನಮ್ಮ ಬಚ್ಚಲಿನಿಂದ ದೂರದಲ್ಲಿದ್ದಾರೆ, ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಬೆಂಗಳೂರಿನ ನೀರನ್ನೇ ತೆಗೆದುಕೊಳ್ಳೋಣ. 1974ರಲ್ಲಿ ಮೊದಲ ಹಂತದ ಕಾವೇರಿ ನೀರು ನಗರಕ್ಕೆ ಬಂತು, 2024ರ ಅಕ್ಟೋಬರಿನಲ್ಲಿ ಐದನೆಯ ಹಂತ ಉದ್ಘಾಟನೆಯಾಯಿತು. ಈ ನೀರು ತಾನಾಗಿ ಹರಿದು ಬರುವುದಲ್ಲ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಪಂಪ್ ಆಗುತ್ತ, ಒಟ್ಟು 500 ಮೀಟರಿನಷ್ಟು ಎತ್ತರಕ್ಕೆ ಏರಿ ಬರುತ್ತದೆ. ಹೈಸ್ಕೂಲಿನ ಭೌತಶಾಸ್ತ್ರ ಸಾಕು, ಲೆಕ್ಕ ಹಾಕಬಹುದು. ಸಾವಿರ ಲೀಟರ್ ನೀರನ್ನು 500 ಮೀಟರ್ ಎತ್ತಲು ಒಂದು ಚಿಲ್ಲರೆ ಯೂನಿಟ್ ವಿದ್ಯುತ್ ಬೇಕು; ಪಂಪು, ಕೊಳವೆಗಳಲ್ಲಿ ಆಗುವ ನಷ್ಟ ಸೇರಿಸಿದರೆ ಹೆಚ್ಚುಕಡಿಮೆ ಎರಡು ಯೂನಿಟ್. ಒಳಚರಂಡಿ ಇರುವ ನಗರಗಳಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಎಂಬುದು ಯೋಜಕರು ಇಟ್ಟುಕೊಳ್ಳುವ ಮಾನದಂಡ. ಆ ಲೆಕ್ಕದಲ್ಲಿ ನಾಲ್ಕು ಜನರ ಮನೆಗೆ ತಿಂಗಳಿಗೆ 16,000 ಲೀಟರ್ ಬೇಕು. ಅಂದರೆ ನೀರು ಮನೆಯ ಸಂಪಿಗೆ ಬೀಳುವ ಮೊದಲೇ ಆ ಮನೆಯ ಹೆಸರಿನಲ್ಲಿ ತಿಂಗಳಿಗೆ 30 ಯೂನಿಟ್ ವಿದ್ಯುತ್ ಖರ್ಚಾಗಿರುತ್ತದೆ. ಯಾವ ಬಿಲ್ಲಿನಲ್ಲೂ ಅದು ಕಾಣುವುದಿಲ್ಲ. ನೀರನ್ನು ಬೇರೆ, ವಿದ್ಯುತ್ತನ್ನು ಬೇರೆ ಎಂದು ನಾವು ಎರಡು ಪುಸ್ತಕಗಳಲ್ಲಿ ಬರೆದಿಟ್ಟಿದ್ದೇವೆ, ಅಷ್ಟೇ.

ಕಾಸು ಕೊಟ್ಟಿದ್ದೇನೆ, ನನ್ನ ನೀರು, ನನ್ನಿಷ್ಟ ಎನ್ನುವವರಿಗೆ ಮೊದಲ ಉತ್ತರ ಇಲ್ಲೇ ಸಿಗುತ್ತದೆ. 2014ರ ಪರಿಷ್ಕರಣೆಯ ನಂತರ ಹಲವು ವರ್ಷ ಬೆಂಗಳೂರಿನ ಮನೆಬಳಕೆಯ ಮೊದಲ 8,000 ಲೀಟರಿಗೆ ಇದ್ದ ದರ ಸಾವಿರ ಲೀಟರಿಗೆ 7 ರೂಪಾಯಿ. ಯೂನಿಟ್‌ಗೆ ಐದಾರು ರೂಪಾಯಿ ಎಂದು ಹಿಡಿದರೂ ಎತ್ತುವ ವಿದ್ಯುತ್ತಿನ ಖರ್ಚೇ ಅದನ್ನು ಮೀರುತ್ತದೆ. ಶುದ್ಧೀಕರಣ, ಕೊಳವೆ, ಸಿಬ್ಬಂದಿಯ ಮಾತು ಬಿಡಿ. ನಾವು ಕೊಟ್ಟದ್ದು ಬೆಲೆಯಲ್ಲ, ಒಂದು ಸಾಂಕೇತಿಕ ಕಾಣಿಕೆ. ಎರಡನೆಯ ಉತ್ತರ ಇನ್ನೂ ಆಳದ್ದು. ಕಾವೇರಿ ನ್ಯಾಯಮಂಡಳಿ 2007ರ ಐತೀರ್ಪಿನಲ್ಲಿ ಬೆಂಗಳೂರಿನ ಮೂರನೇ ಒಂದು ಭಾಗ ಮಾತ್ರ ಕಾವೇರಿ ಕೊಳ್ಳದಲ್ಲಿದೆ ಎಂದು ಲೆಕ್ಕ ಹಾಕಿತ್ತು. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟ್ ಆ ಮಿತಿಯನ್ನು ಒಪ್ಪದೆ, ಕುಡಿಯುವ ಮತ್ತು ಗೃಹಬಳಕೆಯ ನೀರಿನ ಅಗತ್ಯವನ್ನು ಎತ್ತಿಹಿಡಿದು, ಬೆಂಗಳೂರಿಗೆಂದೇ 4.75 ಟಿಎಂಸಿ ಹೆಚ್ಚುವರಿ ನೀರು ಕೊಟ್ಟಿತು. ಅಂತರ್ಜಲದ ಲೆಕ್ಕದ 10 ಟಿಎಂಸಿಯೂ ಸೇರಿ ತಮಿಳುನಾಡಿನ ಕಡೆಗೆ ಬಿಡಬೇಕಾದ ನೀರು 192ರಿಂದ 177.25 ಟಿಎಂಸಿಗೆ ಇಳಿಯಿತು. ಕರ್ನಾಟಕಕ್ಕೆ ಅದು ನ್ಯಾಯ ಸಿಕ್ಕ ದಿನ, ಸಂತೋಷಪಟ್ಟದ್ದೂ ಸರಿಯೇ. ಆದರೆ ನಗರಕ್ಕೆ ಆ ನೀರು ಬಂದದ್ದು ಹಣದ ಬಲದಿಂದಲ್ಲ, ಅಗತ್ಯದ ಬಲದಿಂದ. ಬಾಯಾರಿಕೆಯ ಹೆಸರಿನಲ್ಲಿ ಪಡೆದ ನೀರಿನಲ್ಲಿ ಕಾರು ತೊಳೆದರೆ ಕೇಳಿದ ಕಾರಣವೇ ಸುಳ್ಳಾಗುತ್ತದೆ. ಪಡೆದದ್ದಕ್ಕೆ ಪ್ರತಿಯಾಗಿ ಏನನ್ನೂ ಸಲ್ಲಿಸದೆ ಭೋಗಿಸುವವನನ್ನು ಗೀತೆಯ ಮೂರನೆಯ ಅಧ್ಯಾಯ ಕಳ್ಳರ ಸಾಲಿಗೆ ಸೇರಿಸುವುದು ಇಂಥ ಕಡೆ ಅತಿಶಯೋಕ್ತಿ ಅನ್ನಿಸುವುದಿಲ್ಲ. 2024ರ ಮಾರ್ಚಿನ ಬರದಲ್ಲಿ ಕುಡಿಯುವ ನೀರಿನಿಂದ ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಹೇಳಬೇಕಾಯಿತು. ಕಾವೇರಿಗಾಗಿ ಬೀದಿಗಿಳಿಯುವ ನಗರಕ್ಕೆ ಆ ಆದೇಶ ಬೇಕಾಗಬಾರದಿತ್ತು.

ವಿದ್ಯುತ್ತಿನ ಕಥೆಯೂ ಬೇರೆಯಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಾಗ ಮನೆ, ಗದ್ದೆ, ತೋಟ ಬಿಟ್ಟು ಹೊರಟ ಶರಾವತಿ ಮುಳುಗಡೆಯ ಕುಟುಂಬಗಳಲ್ಲಿ ಎಷ್ಟೋ ಮಂದಿ ಕೊಟ್ಟ ಭೂಮಿಯ ಹಕ್ಕುಪತ್ರಕ್ಕಾಗಿ ಎರಡು ಮೂರು ತಲೆಮಾರು ಕಚೇರಿ ಅಲೆದಿದ್ದಾರೆ. ರಾಯಚೂರು ಬಳಿಯ ಶಕ್ತಿನಗರದ ಉಷ್ಣವಿದ್ಯುತ್ ಸ್ಥಾವರದ ಸುತ್ತಲಿನವರು ಹಾರುಬೂದಿಯೊಂದಿಗೆ ಬದುಕುತ್ತಾರೆ. ಪಾವಗಡದ ಸೌರ ಪಾರ್ಕು ಬಂದ ಮೇಲೆ ಹಗಲಿನ ವಿದ್ಯುತ್ತಿನ ಕಳಂಕ ಸ್ವಲ್ಪ ತೊಳೆದಿದೆ. ಆದರೆ ಸೂರ್ಯ ಮುಳುಗಿ ಮನೆಗಳಲ್ಲಿ ದೀಪ, ಟಿವಿ, ಮಿಕ್ಸಿ ಒಟ್ಟಿಗೆ ಶುರುವಾಗುವ ಹೊತ್ತಿಗೆ ಹೊರೆ ಹೊರುವುದು ಶರಾವತಿ ಮತ್ತು ಕಲ್ಲಿದ್ದಲೇ. ಸಂಪಿನ ಮೋಟರು, ವಾಷಿಂಗ್ ಮೆಷಿನ್ ಇಂಥವನ್ನು ಹಗಲಲ್ಲೇ ಓಡಿಸುವುದಕ್ಕೆ ಇದೊಂದು ಗಟ್ಟಿ ಕಾರಣ. ಬಿಲ್ಲಿನಲ್ಲಿ ಅದರಿಂದ ಒಂದು ಪೈಸೆಯೂ ಇಳಿಯದಿರಬಹುದು. ಈ ವ್ರತದ ಮಟ್ಟಿಗೆ ಬಿಲ್ಲು ಅಳತೆಗೋಲೇ ಅಲ್ಲ.

ಹಾಗಾದರೆ ಮನೆಯೊಳಗೆ ನಿಜವಾಗಿ ಎಲ್ಲಿ ಕೈ ಹಾಕಬೇಕು? ಉಳಿತಾಯದ ಪ್ರವಚನಗಳ ದೊಡ್ಡ ದೋಷವೆಂದರೆ ಸಾಸಿವೆಗೂ ಸೋರೆಕಾಯಿಗೂ ಒಂದೇ ತೂಕ ಕೊಡುವುದು. ಮೊಬೈಲ್ ಚಾರ್ಜರನ್ನು ಕಿತ್ತಿಡಿ ಎಂದು ಹೇಳುವವರು ಗೀಸರ್ ಬಗ್ಗೆ ಸುಮ್ಮನಿರುತ್ತಾರೆ. ಒಂದು ಬಕೆಟ್ ನೀರು, ಸುಮಾರು 18 ಲೀಟರ್, ಸ್ನಾನಕ್ಕೆ ಹದವಾಗಿ ಬಿಸಿಯಾಗಲು ಅರ್ಧ ಯೂನಿಟ್ಟೂ ಬೇಡ. ನಿಮಿಷಕ್ಕೆ 10 ಲೀಟರ್ ಸುರಿಯುವ ಷವರಿನ ಕೆಳಗೆ ಎಂಟು ನಿಮಿಷ ನಿಂತರೆ 80 ಲೀಟರ್ ನೀರು, ಒಂದೂವರೆ ಯೂನಿಟ್‌ಗಿಂತ ಹೆಚ್ಚು ವಿದ್ಯುತ್. ಮೈ ಎರಡರಲ್ಲೂ ಅಷ್ಟೇ ಶುಚಿಯಾಗುತ್ತದೆ. ಹಳೆಯ ಫ್ಯಾನು 75 ವ್ಯಾಟ್ ಎಳೆದರೆ ಹೊಸ ಬಿಎಲ್‌ಡಿಸಿ ಫ್ಯಾನು ಅಷ್ಟೇ ಗಾಳಿಯನ್ನು 30 ವ್ಯಾಟಿನ ಆಸುಪಾಸಿನಲ್ಲಿ ಕೊಡುತ್ತದೆ. ದಿನಕ್ಕೆ 15 ಗಂಟೆ ತಿರುಗುವ ಮನೆಯಲ್ಲಿ ಅದು ತಿಂಗಳಿಗೆ 20 ಯೂನಿಟ್ಟಿನ ವ್ಯತ್ಯಾಸ. ಟಿವಿ ಆರಿಸಿದ ಮೇಲೂ ಎಚ್ಚರವಾಗಿರುವ ಸೆಟ್‌ಟಾಪ್ ಬಾಕ್ಸ್ 10 ವ್ಯಾಟ್ ಎಳೆಯುತ್ತಿದ್ದರೆ ತಿಂಗಳಿಗೆ 7 ಯೂನಿಟ್ ಯಾರೂ ನೋಡದ ಚಿತ್ರಕ್ಕೆ ಹೋಯಿತು. ಒಲೆಯ ವಿಷಯ ಇನ್ನೂ ಸರಳ. ಬೆಂಗಳೂರಿನ ಎತ್ತರದಲ್ಲಿ ನೀರು ಸುಮಾರು 97 ಡಿಗ್ರಿಗೆ ಕುದಿಯುತ್ತದೆ, ಕುದಿ ಬಂದ ಮೇಲೆ ಉರಿ ಎಷ್ಟು ದೊಡ್ಡದು ಮಾಡಿದರೂ ತೆರೆದ ಪಾತ್ರೆಯಲ್ಲಿ ಅದಕ್ಕಿಂತ ಬಿಸಿಯಾಗುವುದಿಲ್ಲ, ಆವಿ ಮಾತ್ರ ಹೆಚ್ಚುತ್ತದೆ. ಉರಿ ತಗ್ಗಿಸಿ ಮುಚ್ಚಳ ಮುಚ್ಚುವುದು, ಬೇಳೆ, ಕಾಳು ನೆನೆಸಿ ಕುಕ್ಕರಿಗಿಡುವುದು ಅಡುಗೆಯವರಿಗೆ ಗೊತ್ತಿರುವುದೇ. ಕುಡಿಯುವ ನೀರಿನ ಆರ್‌ಒ ಯಂತ್ರಗಳಲ್ಲಿ ಅನೇಕವು ಒಂದು ಲೀಟರ್ ಕೊಟ್ಟು ಎರಡು ಮೂರು ಲೀಟರ್ ಹೊರಗೆ ಬಿಡುತ್ತವೆ. ನೀರಿನಲ್ಲಿ ಕರಗಿದ ಲವಣಾಂಶ ಲೀಟರಿಗೆ 500 ಮಿಲಿಗ್ರಾಮಿಗಿಂತ ಕಡಿಮೆಯಿರುವ ಕಡೆ ಈ ಯಂತ್ರ ಬೇಡ ಎಂದು 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯೇ ಹೇಳಿತ್ತು. ಬೋರ್‌ವೆಲ್ಲಿನ ಗಡಸು ನೀರಿಗೆ ಬೇಕಾಗಬಹುದು. ಬರೀ ಕಾವೇರಿ ನೀರು ಕುಡಿಯುವ ಮನೆಯಲ್ಲಿ ಅದು ಬಹುಮಟ್ಟಿಗೆ ಪ್ರತಿಷ್ಠೆಯ ವಸ್ತು. ಇನ್ನು ಓವರ್‌ಹೆಡ್ ಟ್ಯಾಂಕ್ ತುಂಬಿ ಬೀದಿಗೆ ಹರಿಯುವ ನೀರು. ನದಿಯಿಂದ ನಗರಕ್ಕೆ, ಸಂಪಿನಿಂದ ತಾರಸಿಗೆ ಎಂದು ಎರಡೆರಡು ಸಲ ಎತ್ತಿಸಿಕೊಂಡ ನೀರು ಯಾರ ಕೈಗೂ ತಾಗದೆ ಮೋರಿ ಸೇರುತ್ತದೆ. ಪ್ರಮಾದಚರ್ಯೆಗೆ ಉದಾಹರಣೆ ಕೇಳುವವರಿಗೆ ಇದಕ್ಕಿಂತ ಶುದ್ಧವಾದದ್ದು ಸಿಗಲಾರದು. ಮಟ್ಟ ನೋಡಿ ಮೋಟರ್ ನಿಲ್ಲಿಸುವ ಒಂದು ಚಿಕ್ಕ ಸಾಧನ ಅದಕ್ಕೆ ಸಾಕು.

ಇಷ್ಟಕ್ಕೆಲ್ಲ ಏನು ಪ್ರಯೋಜನ ಎಂಬ ಆಕ್ಷೇಪ ಹಳೆಯದು, ಬಲವಾದದ್ದೂ ಹೌದು. ದೇಶದ ನೀರಿನಲ್ಲಿ ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚು ಹೋಗುವುದು ಬೇಸಾಯಕ್ಕೆ. ಕಬ್ಬು, ಭತ್ತದ ಲೆಕ್ಕ ಸರಿಯಾಗದೆ ಬಚ್ಚಲಿನ ಬಕೆಟ್ ಎಣಿಸುವುದು ಯಾರನ್ನು ಮೆಚ್ಚಿಸಲು? ಒಪ್ಪತಕ್ಕ ಮಾತೇ. ಮನೆಯ ಉಳಿತಾಯ ನೀರಾವರಿ ನೀತಿಗೆ ಬದಲಿ ಎಂದು ಯಾರಾದರೂ ಹೇಳಿದರೆ ನಂಬಬಾರದು. ಸರ್ಕಾರಗಳು ತಮ್ಮ ಹೊಣೆಯನ್ನು ಗೃಹಿಣಿಯರ ಹೆಗಲಿಗೆ ದಾಟಿಸಲು ಈ ಉಪದೇಶವನ್ನು ಬಳಸುವುದೂ ಉಂಟು. ಆದರೆ ಗದ್ದೆಗೆ ಕಾಲುವೆಯಲ್ಲಿ ಇಳಿದು ಬರುವ ನೀರಿನ ಜೊತೆ, ಬೆಟ್ಟ ಹತ್ತಿಸಿ, ಶುದ್ಧ ಮಾಡಿ, ಒತ್ತಡದಲ್ಲಿ ಮನೆಗೆ ತಲುಪಿಸುವ ನೀರನ್ನು ಬರೀ ಗಾತ್ರದಿಂದ ಹೋಲಿಸುವುದು ತಪ್ಪು. ಜೊತೆಗೆ, ಇನ್ನೊಬ್ಬರ ತಪ್ಪು ದೊಡ್ಡದು ಎಂಬುದು ನನ್ನ ತಪ್ಪನ್ನು ಚಿಕ್ಕದು ಮಾಡಬಹುದು, ಇಲ್ಲವಾಗಿಸುವುದಿಲ್ಲ. ಇದಕ್ಕಿಂತ ಕಠಿಣ ಆಕ್ಷೇಪವನ್ನು 1865ರಲ್ಲಿ ಇಂಗ್ಲೆಂಡಿನ ವಿಲಿಯಂ ಸ್ಟಾನ್ಲಿ ಜೆವನ್ಸ್ ಕಲ್ಲಿದ್ದಲಿನ ಬಗ್ಗೆ ಬರೆಯುತ್ತ ಎತ್ತಿದ: ಯಂತ್ರ ಕಡಿಮೆ ಉರುವಲಿನಲ್ಲಿ ಕೆಲಸ ಮಾಡತೊಡಗಿದರೆ ಉರುವಲು ಉಳಿಯುವುದಿಲ್ಲ, ಯಂತ್ರಗಳು ಹೆಚ್ಚುತ್ತವೆ. ಎಲ್‌ಇಡಿ ಬಂದ ಮೇಲೆ ನಮ್ಮ ಮನೆಗಳಲ್ಲಿ ಬಲ್ಬುಗಳ ಸಂಖ್ಯೆ ಏರಿದ್ದನ್ನು ನೋಡಿದರೆ ಜೆವನ್ಸ್ ಮಾತು ಸುಳ್ಳಲ್ಲ. ಒಳ್ಳೆಯ ಉಪಕರಣವೊಂದೇ ಸಾಲದು, ಇಷ್ಟು ಸಾಕು ಎಂಬ ಗೆರೆಯೂ ಬೇಕು. ಸಮಂತಭದ್ರರ ಗ್ರಂಥದಲ್ಲಿ ಅನರ್ಥದಂಡವ್ರತದ ಬೆನ್ನಿಗೇ ಭೋಗೋಪಭೋಗ ಪರಿಮಾಣ ವ್ರತ ಬರುವುದು, ಅಂದರೆ ಗೃಹಸ್ಥರು ತಮ್ಮ ಭೋಗಕ್ಕೆ ತಾವೇ ಮೊದಲಾಗಿ ಒಂದು ಅಳತೆ ಗೊತ್ತುಮಾಡಿಕೊಳ್ಳುವುದು, ಆಕಸ್ಮಿಕವಾಗಿರಲಾರದು. ಜೆವನ್ಸ್ ತೋರಿಸಿದ ತೂತನ್ನು ಮುಚ್ಚುವುದು ಎರಡನೆಯ ವ್ರತ.

ಬೆಂಗಳೂರಿನವರೇ ಎತ್ತಬಹುದಾದ ಜಾಣ ಆಕ್ಷೇಪ ಇನ್ನೊಂದಿದೆ. ನಾವು ಚೆಲ್ಲಿದ ನೀರು ಎಲ್ಲಿ ಹೋಯಿತು? 2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಯೋಜನೆಯ ಗುರಿ ದಿನಕ್ಕೆ 44 ಕೋಟಿ ಲೀಟರ್. ಅಂದಮೇಲೆ ಹೆಚ್ಚು ಸ್ನಾನ ಮಾಡಿದಷ್ಟೂ ಕೋಲಾರಕ್ಕೆ ಪುಣ್ಯವಲ್ಲವೇ? ಬಯಲುಸೀಮೆಯ ಕೆರೆಗಳು ತುಂಬಿದ್ದು, ಬತ್ತಿದ ಬೋರ್‌ವೆಲ್‌ಗಳಲ್ಲಿ ನೀರು ಕಂಡದ್ದು ನಿಜ, ಅದನ್ನು ಅಲ್ಲಗಳೆಯಬಾರದು. ಆದರೆ ಆ ನೀರು ಕೋಲಾರ ತಲುಪುವ ಹೊತ್ತಿಗೆ ಕಾವೇರಿಯಿಂದ ಒಂದು ಸಲ, ಸಂಸ್ಕರಣೆಗೆ ಒಂದು ಸಲ, ಕೋಲಾರಕ್ಕೆ ಪಂಪ್ ಆಗಲು ಇನ್ನೊಂದು ಸಲ ವಿದ್ಯುತ್ ತಿಂದಿರುತ್ತದೆ. ಕೋಲಾರಕ್ಕೆ ನೀರು ಕೊಡಬೇಕೆಂದರೆ ಅದನ್ನು ಯೋಚಿಸಿ ಕೊಡಬೇಕು. ನಮ್ಮ ಅಜಾಗ್ರತೆ ಅವರ ಕೆರೆ ತುಂಬಿಸುತ್ತದೆ ಎಂದು ಬೀಗುವುದು ಎಂಜಲನ್ನು ದಾನವೆಂದು ಕರೆದಂತೆ.

ಧರ್ಮಗಳೇ ನೀರು ಪೋಲು ಮಾಡಿಸುವುದಿಲ್ಲವೇ ಎನ್ನುವವರಿದ್ದಾರೆ. ಮಡಿ, ಅಭಿಷೇಕ, ನಮಾಜಿಗೆ ಮುನ್ನ ಮಾಡುವ ವುಜೂ ಎಲ್ಲಕ್ಕೂ ನೀರು ಬೇಕು, ನಿಜ. ಆದರೆ ವಿಧಿಗೆ ಬೇಕಾದಷ್ಟು ಎಷ್ಟು ಎಂಬುದನ್ನು ಪರಂಪರೆಗಳೇ ಹೇಳಿವೆ. ಪ್ರವಾದಿಯವರು ಒಂದು 'ಮುದ್ದ್', ಅಂದರೆ ಮುಕ್ಕಾಲು ಲೀಟರಿನಷ್ಟು ನೀರಿನಲ್ಲಿ ವುಜೂ ಮುಗಿಸುತ್ತಿದ್ದರೆಂದು ಬುಖಾರಿಯ ಹದೀಸ್ ಸಂಗ್ರಹದಲ್ಲಿದೆ. ತೆರೆದ ನಲ್ಲಿಯ ಕೆಳಗೆ ಅದೇ ವುಜೂ ಹಲವು ಲೀಟರ್ ತಿನ್ನುತ್ತದೆ. ಹೆಚ್ಚಿದ್ದು ನಲ್ಲಿಯಿಂದ, ವಿಧಿಯಿಂದಲ್ಲ. ಪೋಪ್ ಫ್ರಾನ್ಸಿಸ್ 2015ರ 'ಲೌದಾತೊ ಸಿ' ಪತ್ರದಲ್ಲಿ ನೀರಿನ ಬಳಕೆ ತಗ್ಗಿಸುವುದು, ಬೇಡದ ದೀಪ ಆರಿಸುವುದು ಮೊದಲಾದ ಮನೆಗೆಲಸದ ಸಣ್ಣ ಸಂಗತಿಗಳನ್ನು ಆಧ್ಯಾತ್ಮಿಕ ಬದುಕಿನ ಭಾಗವಾಗಿಯೇ ಎಣಿಸಿದರು. ದೇವರ ಬಗ್ಗೆ ಒಮ್ಮತವಿಲ್ಲದ ಧರ್ಮಗಳು ಬಕೆಟ್ಟಿನ ಬಗ್ಗೆ ಒಂದೇ ಮಾತಾಡುತ್ತಿವೆ.

ನನ್ನನ್ನು ಹೆಚ್ಚು ಕಾಡುವ ಆಕ್ಷೇಪ ಇವು ಯಾವುವೂ ಅಲ್ಲ. ಮನೆಯಲ್ಲಿ ಉಳಿತಾಯ ಎಂದರೆ ದುಡಿಯುವವರು ಯಾರು? ತರಕಾರಿ ತೊಳೆದ ನೀರನ್ನು ಗಿಡಕ್ಕೆ ಹೊರುವುದು, ಬಟ್ಟೆ ಜಾಲಿಸಿದ ನೀರಿನಲ್ಲಿ ಬಚ್ಚಲು ತೊಳೆಯುವುದು, ಬಹುತೇಕ ಮನೆಗಳಲ್ಲಿ ಹೆಂಗಸರ ಇಲ್ಲವೇ ಮನೆಕೆಲಸದವರ ಬೆನ್ನಿಗೆ ಬೀಳುತ್ತದೆ. ವ್ರತ ಹಿಡಿಯುವವರು ಒಬ್ಬರು, ಉಪವಾಸ ಇನ್ನೊಬ್ಬರದು. ವಾರಕ್ಕೊಮ್ಮೆ ಬರುವ ನೀರಿಗೆ ಕೊಡ ಸಾಲಿಟ್ಟು ಕಾಯುವ ಬಡಾವಣೆಗಳಿಗೆ ಮಿತವ್ಯಯ ಬೋಧಿಸುವುದಂತೂ ಅಪಹಾಸ್ಯ. ಅವರು ಪೋಲು ಮಾಡಲು ಅಲ್ಲಿ ಏನೂ ಇಲ್ಲ. ಪರಿಮಾಣ ವ್ರತ ಉಳ್ಳವರ ವ್ರತ, ಇದ್ದಷ್ಟಕ್ಕೆ ತಕ್ಕಂತೆ ಅದರ ಭಾರ. ಆದ್ದರಿಂದ ಯಾರ ದುಡಿಮೆಯನ್ನೂ ಹೆಚ್ಚಿಸದ ಕ್ರಮಗಳೇ ಮೊದಲು ಬರಬೇಕು: ನಲ್ಲಿಗೆ ಏರಿಯೇಟರ್, ಸೋರುವ ವಾಷರಿನ ಬದಲಾವಣೆ, ಫ್ಯಾನಿನ ಬದಲಾವಣೆ, ಟ್ಯಾಂಕಿಗೆ ನಿಯಂತ್ರಕ. ಉಳಿದದ್ದನ್ನು ಮನೆಯ ಗಂಡಸರೂ ಮಕ್ಕಳೂ ಹಂಚಿಕೊಂಡರೆ ಮಾತ್ರ ಅದು ವ್ರತ, ಇಲ್ಲದಿದ್ದರೆ ಹೊರೆ.

ಗೃಹಜ್ಯೋತಿಗೇ ಮರಳಿದರೆ, ಆ ಯೋಜನೆ ಆರಂಭದಲ್ಲಿ ಪ್ರತಿ ಮನೆಗೂ ಒಂದು ಪರಿಮಾಣ ಹಾಕಿಕೊಟ್ಟಿತ್ತು: 2022–23ರ ಸರಾಸರಿ ಬಳಕೆ, ಅದರ ಮೇಲೆ ಶೇ. 10, ಒಟ್ಟು 200 ಯೂನಿಟ್ ಮೀರದಂತೆ. 150 ಯೂನಿಟ್ ಬಳಸುತ್ತಿದ್ದ ಮನೆಗೆ 15 ಯೂನಿಟ್ ಹೆಚ್ಚು, 30 ಬಳಸುತ್ತಿದ್ದ ಮನೆಗೆ ಮೂರೇ ಯೂನಿಟ್. ಮೊದಲೇ ಮಿತವಾಗಿದ್ದವರಿಗೆ ಕಡಿಮೆ ಸಿಕ್ಕಿತು. ಸರ್ಕಾರ ಹೊರಗಿನಿಂದ ಹಾಕುವ ಗೆರೆ ಹೀಗೇ ಇರುತ್ತದೆ, ನಿನ್ನೆಯ ಅಭ್ಯಾಸವನ್ನೇ ಅದು ನ್ಯಾಯವೆಂದು ತಿಳಿಯುತ್ತದೆ. ಒಳಗಿನಿಂದ ಹಾಕಿಕೊಳ್ಳುವ ಗೆರೆಗೆ ಮೊದಲು ತನ್ನ ಬಳಕೆ ಎಷ್ಟೆಂದು ಗೊತ್ತಿರಬೇಕು. ವಿದ್ಯುತ್ತಿಗೆ ಮನೆಮನೆಗೂ ಮೀಟರ್ ಇದೆ. ನೀರಿಗೆ, ಬೆಂಗಳೂರಿನ ಬಹಳಷ್ಟು ಅಪಾರ್ಟ್‌ಮೆಂಟುಗಳಲ್ಲಿ, ಕಟ್ಟಡಕ್ಕೆಲ್ಲ ಸೇರಿ ಒಂದೇ ಲೆಕ್ಕ. ಖರ್ಚು ನಿರ್ವಹಣಾ ಶುಲ್ಕದಲ್ಲಿ ಸಮನಾಗಿ ಹಂಚಿಹೋಗುತ್ತದೆ, 200 ಲೀಟರ್ ಬಳಸುವ ಮನೆಯೂ 800 ಲೀಟರ್ ಬಳಸುವ ಮನೆಯೂ ಒಂದೇ ಮೊತ್ತ ಕಟ್ಟುತ್ತವೆ. ನಗರಕ್ಕೆ ಇನ್ನಷ್ಟು ಕಾವೇರಿ ನೀರು ತರಲು ಮೇಕೆದಾಟಿನಲ್ಲಿ ಕಟ್ಟಬೇಕೆಂದಿರುವ 67 ಟಿಎಂಸಿ ಜಲಾಶಯಕ್ಕಾಗಿ ಕಾವೇರಿ ವನ್ಯಧಾಮದ ಕಾಡು ಮುಳುಗಿಸಬೇಕೆಂದು ಕೇಳುವ ಮೊದಲು, ಮನೆಗೊಂದು ನೀರಿನ ಮೀಟರ್ ಹಾಕಿಸುವ ವಿಷಯವನ್ನು ನಿಮ್ಮ ಅಪಾರ್ಟ್‌ಮೆಂಟ್ ಸಂಘದ ಮುಂದಿನ ಸಭೆಯ ಕಾರ್ಯಸೂಚಿಗೆ ಸೇರಿಸಿ.